ಮಂಡೇಲಾ ಸಂಪುಟದಲ್ಲಿ ಎದುರಾಳಿಗಳಿಗೆ ಸ್ಥಾನ ಸಿಕ್ಕಿದ್ದು ಹೇಗೆ?

ಪ್ರಶ್ನೆ: 1994ರಲ್ಲಿ ನೆಲ್ಸನ್ ಮಂಡೇಲಾ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದಾಗ ಅವರ ಪಕ್ಷಕ್ಕೆ ಸ್ಪಷ್ಟ ಬಹುಮತವಿತ್ತು. ಹಾಗಿದ್ದೂ ವರ್ಣಭೇದ ನೀತಿಯನ್ನು ಜಾರಿಗೆ ತಂದ ಪಕ್ಷದವರೇ ಅವರ ಸಂಪುಟದಲ್ಲಿ ಸಚಿವರಾಗಿದ್ದರು ಎಂದು ಓದಿದೆ. ಇದು ಮಂಡೇಲಾ ಅವರ ಔದಾರ್ಯವೇ, ಅಥವಾ ನಮ್ಮ ಸಮ್ಮಿಶ್ರ ಸರ್ಕಾರಗಳಲ್ಲಿ ನಡೆಯುವಂತಹ ಖಾತೆ ಹಂಚಿಕೆಯ ಒಪ್ಪಂದವೇ? 2024ರಲ್ಲಿ ಅಲ್ಲಿ ರಚನೆಯಾದ ಸರ್ಕಾರವನ್ನೂ ‘ರಾಷ್ಟ್ರೀಯ ಐಕ್ಯ ಸರ್ಕಾರ’ ಎಂದೇ ಕರೆಯುತ್ತಾರೆ. ಎರಡೂ ಒಂದೇ ಬಗೆಯವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದು ಮೊದಲಿಗೆ ಸಂವಿಧಾನವೇ ಕೊಟ್ಟ ಹಕ್ಕಾಗಿತ್ತು, ಔದಾರ್ಯಕ್ಕೂ ಚೌಕಾಸಿಗೂ ಅವಕಾಶವಿದ್ದದ್ದು ಆ ಹಕ್ಕು ನಿಗದಿಪಡಿಸಿದ ಚೌಕಟ್ಟಿನೊಳಗೆ ಮಾತ್ರ. ಯಾವ ಪಕ್ಷ ಎಷ್ಟು ಸ್ಥಾನ ಗೆಲ್ಲುತ್ತದೆಂದು ಯಾರಿಗೂ ತಿಳಿದಿರದ ಹೊತ್ತಿನಲ್ಲೇ, ಅಂದರೆ 1993ರಲ್ಲಿ ಸಿದ್ಧವಾದ ಮಧ್ಯಂತರ ಸಂವಿಧಾನದಲ್ಲಿ, 400 ಸದಸ್ಯರ ರಾಷ್ಟ್ರೀಯ ಸಭೆಯಲ್ಲಿ ಕನಿಷ್ಠ 20 ಸ್ಥಾನ ಪಡೆದ ಪಕ್ಷಕ್ಕೆ ತನ್ನ ಬಲಕ್ಕೆ ಅನುಗುಣವಾಗಿ ಸಚಿವ ಸ್ಥಾನಗಳೂ, 80 ಸ್ಥಾನ ಪಡೆದ ಪಕ್ಷಕ್ಕೆ ಒಬ್ಬ ಉಪಾಧ್ಯಕ್ಷರನ್ನು ಹೆಸರಿಸುವ ಅಧಿಕಾರವೂ ಇರತಕ್ಕದ್ದು ಎಂದು ಬರೆಯಲಾಗಿತ್ತು. ಸಚಿವರ ಸಂಖ್ಯೆ 27 ಮೀರುವಂತಿರಲಿಲ್ಲ.

1994ರ ಏಪ್ರಿಲ್‌ ಚುನಾವಣೆಯಲ್ಲಿ ಮಂಡೇಲಾ ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) 252, ವರ್ಣಭೇದ ನೀತಿಯನ್ನು ಜಾರಿಗೆ ತಂದಿದ್ದ, ಎಫ್.ಡಬ್ಲ್ಯು. ಡಿ ಕ್ಲರ್ಕ್ ಅವರ ನ್ಯಾಷನಲ್ ಪಾರ್ಟಿ 82, ಮಂಗೊಸುತು ಬುಥೆಲೆಜಿ ಅವರ ಇಂಕಾಥಾ ಫ್ರೀಡಂ ಪಾರ್ಟಿ 43 ಸ್ಥಾನಗಳನ್ನು ಪಡೆದವು. ಉಳಿದ ಯಾವ ಪಕ್ಷವೂ 20ರ ಗಡಿ ಮುಟ್ಟಲಿಲ್ಲ. ಇನ್ನು ಸಂವಿಧಾನ ವಿಧಿಸಿದ ಲೆಕ್ಕವನ್ನೇ ಮಾಡಿ ನೋಡೋಣ. ಈ ಮೂರು ಪಕ್ಷಗಳ ಒಟ್ಟು 377 ಸ್ಥಾನಗಳನ್ನು ಸಚಿವ ಸ್ಥಾನಗಳ ಸಂಖ್ಯೆಗೆ ಒಂದನ್ನು ಕೂಡಿಸಿದ 28ರಿಂದ ಭಾಗಿಸಿದರೆ 13.46 ಬರುತ್ತದೆ, ಒಂದು ಸಚಿವ ಸ್ಥಾನಕ್ಕೆ ಬೇಕಾದ ಬಲ ಅಷ್ಟು. ಅದರಿಂದ ಪ್ರತಿ ಪಕ್ಷದ ಬಲವನ್ನು ಭಾಗಿಸಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಂಡರೆ ಎಎನ್‌ಸಿಗೆ 18, ನ್ಯಾಷನಲ್ ಪಾರ್ಟಿಗೆ 6, ಇಂಕಾಥಾಗೆ 3. ಒಟ್ಟು ಸರಿಯಾಗಿ 27. ಉಪಾಧ್ಯಕ್ಷರಾಗಿ ಎಎನ್‌ಸಿಯಿಂದ ಥಾಬೊ ಎಂಬೆಕಿ ಬಂದರೆ, 82 ಸ್ಥಾನಗಳ ಬಲದ ಮೇಲೆ ನ್ಯಾಷನಲ್ ಪಾರ್ಟಿಯಿಂದ ಸ್ವತಃ ಡಿ ಕ್ಲರ್ಕ್ ಬಂದರು. ನಮ್ಮಲ್ಲಿ ಸಂವಿಧಾನದ 91ನೇ ತಿದ್ದುಪಡಿಯು ಸಚಿವ ಸಂಪುಟದ ಗಾತ್ರಕ್ಕೆ ಮಿತಿ ಹಾಕಿದ್ದು, ಅದರಂತೆ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗಿಂತ ಹೆಚ್ಚು ಸಚಿವರಿರುವಂತಿಲ್ಲ. ಆದರೆ ಅವುಗಳಲ್ಲಿ ಯಾವ ಪಕ್ಷಕ್ಕೆ ಎಷ್ಟು ಎಂಬುದನ್ನು ನಮ್ಮ ಸಂವಿಧಾನ ಹೇಳುವುದಿಲ್ಲ.

ಸ್ಥಾನಗಳ ಸಂಖ್ಯೆ ಸಿಕ್ಕ ಮಾತ್ರಕ್ಕೆ ಅಧಿಕಾರವೂ ಅದೇ ಪ್ರಮಾಣದಲ್ಲಿ ಸಿಕ್ಕಿತೆಂದು ಭಾವಿಸಬಾರದು. ಮಧ್ಯಂತರ ಸಂವಿಧಾನದ 88ನೇ ವಿಧಿಯನ್ನು ನಿಧಾನವಾಗಿ ಓದಬೇಕಾದದ್ದು ಇಲ್ಲಿಯೇ. ಯಾವ ಖಾತೆ ಯಾವ ಪಕ್ಷಕ್ಕೆ ಎಂಬುದನ್ನು ಅಧ್ಯಕ್ಷರು ಪಕ್ಷಗಳ ನಾಯಕರೊಂದಿಗೆ ಸಮಾಲೋಚಿಸಿ, ಒಮ್ಮತಕ್ಕೆ ಪ್ರಯತ್ನಿಸಿ ತೀರ್ಮಾನಿಸಬೇಕಿತ್ತು. ಒಮ್ಮತ ಮೂಡದಿದ್ದರೆ ಅಧ್ಯಕ್ಷರ ಮಾತೇ ಅಂತಿಮ. ಆದರೆ ಒಂದು ಪಕ್ಷಕ್ಕೆ ಹೋದ ಖಾತೆಯಲ್ಲಿ ಯಾರು ಕೂರಬೇಕು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಆ ಪಕ್ಷದ ನಾಯಕರ ಮಾತು ಅಂತಿಮವಾಗಿತ್ತು. ಹೀಗೆ ವ್ಯಕ್ತಿಯ ಆಯ್ಕೆ ಪಕ್ಷದ ಕೈಯಲ್ಲಿ, ಖಾತೆಯ ಆಯ್ಕೆ ಅಧ್ಯಕ್ಷರ ಕೈಯಲ್ಲಿ ಉಳಿಯಿತು.

ಮಂಡೇಲಾ ಆ ಅಧಿಕಾರವನ್ನು ಬಳಸಿದ ರೀತಿ ಗಮನಾರ್ಹವಾದುದು. ರಕ್ಷಣೆ ಜೋ ಮೊಡಿಸೆ ಅವರಿಗೆ, ಪೊಲೀಸ್ ವ್ಯವಸ್ಥೆಯ ಹೊಣೆ ಸಿಡ್ನಿ ಮುಫಮಾಡಿ ಅವರಿಗೆ, ನ್ಯಾಯಾಂಗ ಖಾತೆ ಡುಲ್ಲಾ ಒಮರ್ ಅವರಿಗೆ, ವಿದೇಶಾಂಗ ಆಲ್ಫ್ರೆಡ್ ಎನ್ಜೊ ಅವರಿಗೆ ಹೋದವು, ನಾಲ್ವರೂ ಎಎನ್‌ಸಿಯವರು. ಹಣಕಾಸನ್ನು ಮಾತ್ರ ಹಿಂದಿನ ಸರ್ಕಾರದಲ್ಲಿ ಅದೇ ಖಾತೆ ನೋಡಿಕೊಂಡಿದ್ದ ನ್ಯಾಷನಲ್ ಪಾರ್ಟಿಯ ಡೆರೆಕ್ ಕೀಸ್ ಅವರಿಗೇ ಬಿಟ್ಟುಕೊಟ್ಟರು. ಬಂಡವಾಳ ದೇಶ ಬಿಟ್ಟು ಹೋಗದಿರಲಿ ಎಂಬ ಎಚ್ಚರ ಇದರ ಹಿಂದಿತ್ತೆಂಬುದು ನನ್ನ ಗ್ರಹಿಕೆ; ಕೇಂದ್ರೀಯ ಬ್ಯಾಂಕಿನ ಗವರ್ನರ್ ಕ್ರಿಸ್ ಸ್ಟಾಲ್ಸ್ ಕೂಡ ಮುಂದುವರಿದರು. ಕೃಷಿ ಖಾತೆ ನ್ಯಾಷನಲ್ ಪಾರ್ಟಿಯ ಕ್ರಾಯ್ ವಾನ್ ನೀಕರ್ಕ್ ಅವರಿಗೆ ಸಿಕ್ಕಿತು. ಆದರೆ ಬಿಳಿಯರಲ್ಲದವರಿಂದ ಕಸಿದುಕೊಂಡ ಜಮೀನಿನ ಪ್ರಶ್ನೆ ಬರುತ್ತಿದ್ದ ಭೂ ವ್ಯವಹಾರಗಳ ಖಾತೆಯನ್ನು ಅದರಿಂದ ಬೇರೆಯಾಗಿಟ್ಟು ಎಎನ್‌ಸಿಯ ಡೆರೆಕ್ ಹಾನೆಕಮ್ ಅವರಿಗೆ ವಹಿಸಲಾಯಿತು. ಹಿಂದಿನವರ ಪರಿಣತಿಯನ್ನು ಉಳಿಸಿಕೊಂಡು, ಅನ್ಯಾಯವನ್ನು ಸರಿಪಡಿಸುವ ಕೆಲಸವನ್ನು ತಮ್ಮವರ ಕೈಯಲ್ಲೇ ಇಟ್ಟುಕೊಂಡ ಈ ವಿಭಜನೆಯನ್ನು ನಾನು ಆ ಸಂಪುಟದ ಅತ್ಯಂತ ವಿವೇಕದ ನಿರ್ಧಾರಗಳಲ್ಲೊಂದು ಎಂದು ಎಣಿಸುತ್ತೇನೆ.

ಉಪಸಚಿವರ ಪಟ್ಟಿಯನ್ನೂ ಜೊತೆಗಿಟ್ಟು ನೋಡಬೇಕು. ಕೀಸ್ ಅವರಿಗೆ ಅಲೆಕ್ ಅರ್ವಿನ್, ಸಂವಿಧಾನ ರಚನೆಯ ಹೊಣೆ ಹೊತ್ತ ನ್ಯಾಷನಲ್ ಪಾರ್ಟಿಯ ರೋಲ್ಫ್ ಮೇಯರ್ ಅವರಿಗೆ ವಲ್ಲಿ ಮೂಸಾ, ಗೃಹ ವ್ಯವಹಾರಗಳ ಸಚಿವರಾದ ಬುಥೆಲೆಜಿ ಅವರಿಗೆ ಪೆನುಯೆಲ್ ಮಡುನಾ ಉಪಸಚಿವರಾದರು. ಈ ಮೂವರು ಉಪಸಚಿವರೂ ಎಎನ್‌ಸಿಯವರೇ. ಇಷ್ಟೆಲ್ಲ ಸಮತೋಲನದ ನಡುವೆಯೂ 27 ಸಚಿವರಲ್ಲಿ ಮಹಿಳೆಯರು ಇಬ್ಬರೇ ಇದ್ದರು: ಆರೋಗ್ಯ ಖಾತೆಯ ಎನ್ಕೊಸಜಾನಾ ದ್ಲಾಮಿನಿ ಜುಮಾ ಮತ್ತು ಸಾರ್ವಜನಿಕ ಉದ್ಯಮಗಳ ಖಾತೆಯ ಸ್ಟೆಲ್ಲಾ ಸಿಗ್ಕಾವು.

ನ್ಯಾಷನಲ್ ಪಾರ್ಟಿ ಐದು ವರ್ಷ ಪೂರೈಸಲಿಲ್ಲ. 1996ರ ಮೇ 8ರಂದು ಅಂಗೀಕಾರವಾದ ಹೊಸ ಸಂವಿಧಾನದಲ್ಲಿ ಕಡ್ಡಾಯ ಅಧಿಕಾರ ಹಂಚಿಕೆಯನ್ನು ಮುಂದುವರಿಸುವ ಅವಕಾಶವಿರಲಿಲ್ಲ. ಮರುದಿನವೇ ಡಿ ಕ್ಲರ್ಕ್ ಸರ್ಕಾರದಿಂದ ಹೊರಬರುವುದಾಗಿ ಪ್ರಕಟಿಸಿದರು, ಜೂನ್ 30ಕ್ಕೆ ಹೊರನಡೆದರು. ಚುನಾವಣೆಗೆ ಒಂದು ವಾರವಿರುವಾಗಷ್ಟೇ ಕಣಕ್ಕಿಳಿಯಲು ಒಪ್ಪಿದ್ದ ಬುಥೆಲೆಜಿ ಉಳಿದರು. ಮಂಡೇಲಾ ಮತ್ತು ಎಂಬೆಕಿ ಇಬ್ಬರೂ ವಿದೇಶದಲ್ಲಿದ್ದಾಗ ಹಂಗಾಮಿ ಅಧ್ಯಕ್ಷರ ಹೊಣೆಯನ್ನೂ ಅವರು ನಿರ್ವಹಿಸಿದರು. ಎಎನ್‌ಸಿ ಮತ್ತು ಇಂಕಾಥಾ ಬೆಂಬಲಿಗರ ನಡುವೆ ಕೊಲೆಗಳು ನಡೆದಿದ್ದ ದೇಶದಲ್ಲಿ ಅದು ಸಣ್ಣ ಮಾತಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಎರಡೂ ಒಂದೇ ಬಗೆಯವಲ್ಲ. 2024ರಲ್ಲಿ ಎಎನ್‌ಸಿ 159 ಸ್ಥಾನಗಳಿಗೆ ಕುಸಿದು ಬಹುಮತ ಕಳೆದುಕೊಂಡದ್ದರಿಂದ ಅಧ್ಯಕ್ಷ ಸಿರಿಲ್ ರಾಮಫೋಸಾ ಇತರ ಪಕ್ಷಗಳ ನೆರವು ಪಡೆದರು. 32 ಸಚಿವರಲ್ಲಿ 20 ಮಂದಿ ಎಎನ್‌ಸಿಯವರು, 87 ಸ್ಥಾನ ಗೆದ್ದ ಡೆಮಾಕ್ರಟಿಕ್ ಅಲಯನ್ಸ್‌ಗೆ ದಕ್ಕಿದ್ದು ಆರು. ಈಗಿನ ಸಂವಿಧಾನದ 91ನೇ ವಿಧಿಯ ಪ್ರಕಾರ ಸಚಿವರನ್ನು ನೇಮಿಸುವುದೂ ವಜಾ ಮಾಡುವುದೂ ಅಧ್ಯಕ್ಷರಿಗೆ ಬಿಟ್ಟದ್ದು. ಮಿತ್ರಪಕ್ಷಗಳ ಪಾಲು ರಾಜಕೀಯ ಒಪ್ಪಂದವನ್ನು ಮಾತ್ರ ಆಧರಿಸಿದೆ. 2025ರ ಜೂನ್‌ನಲ್ಲಿ ಡೆಮಾಕ್ರಟಿಕ್ ಅಲಯನ್ಸ್‌ನ ಉಪಸಚಿವ ಆಂಡ್ರ್ಯೂ ವಿಟ್‌ಫೀಲ್ಡ್ ಅವರನ್ನು ಅನುಮತಿಯಿಲ್ಲದೆ ವಿದೇಶ ಪ್ರವಾಸ ಮಾಡಿದ ಕಾರಣಕ್ಕೆ ರಾಮಫೋಸಾ ವಜಾ ಮಾಡಿದಾಗ ಆ ಪಕ್ಷ ತೀವ್ರವಾಗಿ ಆಕ್ಷೇಪಿಸಿತು, ಆದರೂ ಸರ್ಕಾರದಲ್ಲೇ ಮುಂದುವರಿಯಿತು.