260 ವ್ಯಾಟ್ ಪವರ್ ಸಪ್ಲೈ ಇರುವ ಸಿಸ್ಟಮ್‌ಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ?

ಬೇಡ, ಹಾಕಬೇಡಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ ಟವರ್, ಐ5-8500 ಪ್ರೊಸೆಸರ್, ಪವರ್ ಸಪ್ಲೈ ಮೇಲೆ 260 ವ್ಯಾಟ್ ಅಂತಿದೆ ಅಂದಿರಿ. ಕಾರ್ಡಿಗೆ ಬೇಕಾದ ಕನೆಕ್ಟರ್ ಇಲ್ಲ, ಆದರೆ ಸಾಟಾ ಕನ್ವರ್ಟರ್ (ಹಾರ್ಡ್ ಡಿಸ್ಕಿನ ಪವರ್ ವೈರಿಂದ ಕಾರ್ಡಿಗೆ ಕರೆಂಟ್ ಕೊಡುವ ವೈರ್) ಹಾಕಿದರೆ ನಡೆಯುತ್ತದೆ ಅಂತ ಅಂಗಡಿಯವರು ಹೇಳಿದ್ದಾರೆ. ಆ ಮಾತನ್ನು ದಯವಿಟ್ಟು ಕೇಳಬೇಡಿ.

ನಾನು ಮೈಸೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಅಂಥ ಕನ್ವರ್ಟರ್‌ನ ತುದಿ ಕರಗಿ, ಪಿನ್ ಸುತ್ತ ಕಪ್ಪಾಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರೇ ಪಿನ್, ಒಂದೊಂದಕ್ಕೆ 1.5 ಆಂಪ್, ಅಂದರೆ ಒಟ್ಟು 54 ವ್ಯಾಟ್ ಅಷ್ಟೆ. 3060 ಕಾರ್ಡಲ್ಲಿ ಸಾಮಾನ್ಯವಾಗಿ ಇರುವ 8 ಪಿನ್ ಕನೆಕ್ಟರ್ 150 ವ್ಯಾಟ್ ತನಕ ಎಳೆಯಬಹುದು. ಹಾರ್ಡ್ ಡಿಸ್ಕ್‌ಗೆ ಅಂತ ಕೊಟ್ಟ ವೈರಿಂದ ಅಷ್ಟು ಎಳೆದರೆ ಸುಡದೆ ಇರುತ್ತದಾ?

ವೈರ್ ಬಿಡಿ, ಲೆಕ್ಕವೂ ಕೂಡಿ ಬರುವುದಿಲ್ಲ. 3060ಗೆ 170 ವ್ಯಾಟ್ ಬೇಕು. ನಿಮ್ಮ ಪ್ರೊಸೆಸರ್ 65 ವ್ಯಾಟಿನದು ಅಂತಿದ್ದರೂ ಟರ್ಬೊದಲ್ಲಿ, ಅಂದರೆ ಜೋರಾಗಿ ಓಡುವಾಗ, ಸ್ವಲ್ಪ ಹೊತ್ತು 100ರ ಹತ್ತಿರ ಹೋಗಬಹುದು. ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿ ಇನ್ನೊಂದು 40 ಇಟ್ಟುಕೊಳ್ಳಿ. 300 ದಾಟಿತು, ಅಲ್ವಾ? ಇದರ ಚಿಪ್ ಮಾಡುವ ಎನ್‌ವಿಡಿಯಾದವರೇ ಈ ಕಾರ್ಡಿಗೆ 550 ವ್ಯಾಟ್ ಸಪ್ಲೈ ಇರಲಿ ಅನ್ನುತ್ತಾರೆ. ಅದರ ಮೇಲೆ ನೀವಿರುವುದು ಮಂಡ್ಯ ಪಕ್ಕದ ಹಳ್ಳಿ, ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ ಅಂತ ನೀವೇ ಬರೆದಿದ್ದೀರಿ. ವೋಲ್ಟೇಜ್ ಇಳಿದಾಗ ಸಪ್ಲೈ ಅದೇ ಕೆಲಸಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಜಾಸ್ತಿ ಬಿಸಿಯಾಗುತ್ತದೆ.

ಸಪ್ಲೈಯನ್ನೇ ಬದಲಾಯಿಸೋಣ ಅಂದರೆ ಈ ಡೆಲ್ ಬೋರ್ಡಿಗೆ ಮಾಮೂಲಿ ಸಪ್ಲೈಯ 24 ಪಿನ್ ಕನೆಕ್ಟರ್ ಕೂರುವುದಿಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಹೊಸ ಸಪ್ಲೈ ಬೇಕು, ಅದು ಈ ಕ್ಯಾಬಿನೆಟ್ಟಿನಲ್ಲಿ ಕೂರುತ್ತದಾ ಅಂತ ಅಳತೆಯನ್ನೂ ನೋಡಬೇಕು. ಹಳೇ ಸಿಸ್ಟಮ್‌ಗೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಆರ್‌ಟಿಎಕ್ಸ್ 3050ರಲ್ಲಿ 6 ಜಿಬಿ ಮಾಡೆಲ್ ತಗೊಳ್ಳಿ. ಅದಕ್ಕೆ 70 ವ್ಯಾಟ್ ಸಾಕು. ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಒಂದರಿಂದಲೇ 75 ವ್ಯಾಟ್ ತನಕ ಸಿಗುತ್ತದೆ, ಬೇರೆ ಕನೆಕ್ಟರ್ ಬೇಡ. ಇದಕ್ಕೂ ಕಂಪನಿಯವರು 300 ವ್ಯಾಟ್ ಸಪ್ಲೈ ಅನ್ನುತ್ತಾರೆ, ಆದರೆ ಮೇಲಿನ ಲೆಕ್ಕದಲ್ಲೇ ಕೂಡಿದರೆ 210ರ ಆಸುಪಾಸು ಬರುತ್ತದೆ, ನಾನಾದರೆ ಧೈರ್ಯವಾಗಿ ಹಾಕುತ್ತೇನೆ. 8 ಜಿಬಿ ಮಾಡೆಲ್ ಮಾತ್ರ ಬೇಡ, ಹೆಸರು ಒಂದೇ ಆದರೂ ಅದು 130 ವ್ಯಾಟ್ ಕೇಳುತ್ತದೆ. ದುಡ್ಡು ಕಮ್ಮಿ ಇದ್ದರೆ ಜಿಟಿಎಕ್ಸ್ 1650 ನೋಡಿ, ಆದರೆ ಅದರಲ್ಲಿ ಕೆಲವಕ್ಕೆ 6 ಪಿನ್ ಪವರ್ ಕನೆಕ್ಟರ್ ಇರುತ್ತದೆ, ಅಂಥದ್ದು ಬೇಡ. ಕಾರ್ಡಿನ ಅಂಚಿನ ಫೋಟೊ ತರಿಸಿಕೊಂಡು ನೋಡದೆ ದುಡ್ಡು ಕೊಡಬೇಡಿ.

ಹಾಕುವ ಮುಂಚೆ ಸಪ್ಲೈ ಫ್ಯಾನಿನ ಧೂಳು ತೆಗೆಸಿ. ಮಾನಿಟರ್ ಕೇಬಲ್ಲನ್ನು ಆಮೇಲೆ ಕಾರ್ಡಿಗೇ ಚುಚ್ಚಬೇಕು, ಬೋರ್ಡಿನ ಹಳೇ ಪೋರ್ಟಿಗಲ್ಲ.