ಹಳೆಯ ಪ್ರಿನ್ಸ್ ಆಫ್ ಪರ್ಷಿಯಾ ಈಗಿನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ?

ನೀವು ಒಂದೇ ಸಾಲಿನಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಶಾಲೆಯ ಕಂಪ್ಯೂಟರಿನಲ್ಲಿ ಆಡಿ ಅರ್ಧಕ್ಕೆ ಬಿಟ್ಟ ಡಾಸ್ ಕಾಲದ (ವಿಂಡೋಸಿಗೆ ಮುಂಚೆ ಪಿಸಿಗಳನ್ನು ನಡೆಸುತ್ತಿದ್ದ ವ್ಯವಸ್ಥೆ ಅದು) ಪ್ರಿನ್ಸ್ ಆಫ್ ಪರ್ಷಿಯಾ ಆಟ ವಿಂಡೋಸ್ 11ರಲ್ಲಿ ಓಡುತ್ತದೆಯೇ ಎಂಬುದು ಮೊದಲನೆಯದು. ಓಡಿದರೂ ಈಗ ಆಡುವ ಹಾಗಿದೆಯೇ, ಇಲ್ಲವೇ ಅದನ್ನು ನೆನಪಿನಲ್ಲೇ ಬಿಡುವುದು ಒಳ್ಳೆಯದೇ ಎಂಬುದು ಎರಡನೆಯದು. ಮೊದಲನೆಯದು ಹತ್ತು ನಿಮಿಷದ ಕೆಲಸ. ಎರಡನೆಯದರ ಉತ್ತರಕ್ಕಾಗಿ ನಾನು ಕಳೆದ ಮಳೆಗಾಲದಲ್ಲಿ ಮೂರು ವಾರ ರಾತ್ರಿ ನಿದ್ದೆಗೆಟ್ಟಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಾನು ಈ ಆಟ ಕಂಡದ್ದು 1996ರಲ್ಲಿ, ಶಿವಮೊಗ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕಿತ್ತು. ಮನೆಯವರು ಫೀಸು ಕಟ್ಟಿದ್ದು ಡಿಬೇಸ್ ಎಂಬ ದತ್ತಾಂಶದ ತಂತ್ರಾಂಶ ಕಲಿಯಲಿ ಎಂದು. ಮೇಷ್ಟ್ರು ಕಾಫಿಗೆ ಹೋದ ಆ ಹದಿನೈದು ನಿಮಿಷ ಮಾತ್ರ ನಾವು ಪರ್ಷಿಯಾದ ನೆಲಮಾಳಿಗೆಗೆ ಇಳಿಯುತ್ತಿದ್ದೆವು. ಆಟವನ್ನು ಉಳಿಸಿಡಲು ಮೂರನೆಯ ಲೆವೆಲ್ ಮುಟ್ಟಬೇಕು. ಮುಟ್ಟಿದರೂ ಉಳಿಯುವುದು ಒಂದೇ ಫೈಲ್. ಬೆಳಗಿನ ಬ್ಯಾಚಿನವರು ಉಳಿಸಿಟ್ಟದ್ದನ್ನು ನಾವು ಅಳಿಸುತ್ತಿದ್ದೆವು, ನಮ್ಮದನ್ನು ಸಂಜೆಯವರು ಅಳಿಸುತ್ತಿದ್ದರು. ಕರೆಂಟ್ ಹೋದರೆ ಎಲ್ಲರಿಗೂ ಸಮಪಾಲು.

ಮಾನಿಟರ್ ಕಪ್ಪುಬಿಳುಪು. ಈ ಆಟದಲ್ಲಿ ಅದೊಂದು ಪ್ರಾಣಾಂತಿಕ ಸಂಗತಿ ಎಂದು ಆಗ ನಮಗೆ ತಿಳಿದಿರಲಿಲ್ಲ. ಅಲ್ಲಲ್ಲಿ ಇಟ್ಟಿರುವ ಮದ್ದಿನ ಸೀಸೆಗಳಿಂದ ಏಳುವ ಗುಳ್ಳೆಗಳಿಗೆ ಬಣ್ಣವಿದೆ: ಕೆಂಪಾದರೆ ಪ್ರಾಣ ಕೂಡುತ್ತದೆ, ನೀಲಿಯಾದರೆ ವಿಷ. ನಮಗೆ ಎಲ್ಲವೂ ಬೂದು. ಯಾವ ಮೂಲೆಯ ಸೀಸೆ ಕುಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆವು. ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗನಿಗೆ ಮಾತ್ರ ಮಂತ್ರ ಗೊತ್ತಿತ್ತು. ಆಟ ಶುರುಮಾಡುವಾಗ ‘ಪ್ರಿನ್ಸ್’ ಪಕ್ಕದಲ್ಲಿ ‘ಮೆಗಾಹಿಟ್’ ಎಂದು ಟೈಪ್ ಮಾಡಿದರೆ ಕಾವಲುಗಾರರು ಒಂದು ಕೀಗೆ ಉರುಳುತ್ತಿದ್ದರು. ಆ ಮಂತ್ರದ ಬಲದಿಂದ ಅವನು ಬಹಳ ದೂರ ಹೋಗಿ ಬಂದು, ಮುಂದೆ ಎಲ್ಲೋ ಒಂದು ಇಲಿ ಬಂದು ಬಾಗಿಲು ತೆರೆಯುತ್ತದೆ ಎಂದು ಹೇಳಿದ. ಬುರುಡೆ ಬಿಡಬೇಡ ಎಂದು ನಾವೆಲ್ಲ ನಕ್ಕಿದ್ದೆವು.

ಸರಿ, ಓಡಿಸುವ ವಿಷಯಕ್ಕೆ ಬರುತ್ತೇನೆ. ಹಳೆಯ ಫ್ಲಾಪಿಯಿಂದ ನಕಲು ಮಾಡಿದ ಫೈಲ್ ನಿಮ್ಮಲ್ಲಿದ್ದು, ಅದರ ಮೇಲೆ ನೇರವಾಗಿ ಕ್ಲಿಕ್ ಮಾಡಿದರೆ ವಿಂಡೋಸ್ ಒಪ್ಪುವುದಿಲ್ಲ. ಅದು ಹಳೆಯ ಬಗೆಯ ಪ್ರೊಸೆಸರಿಗೆ ಬರೆದ 16 ಬಿಟ್ ಪ್ರೋಗ್ರಾಂ. ಅಂಥವನ್ನು ನಡೆಸುವ ಏರ್ಪಾಡು 64 ಬಿಟ್ ವಿಂಡೋಸಿನಲ್ಲಿ ಇಲ್ಲವೇ ಇಲ್ಲ. ಒಂದು ದಾರಿ ಡಾಸ್‌ಬಾಕ್ಸ್. ನಿಮ್ಮ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರಿನ ವೇಷ ಹಾಕಿ ಕೂರುವ ಉಚಿತ ತಂತ್ರಾಂಶ ಅದು. ಆಟದ ಫೋಲ್ಡರನ್ನು ಮೌಂಟ್ ಆಜ್ಞೆಯಿಂದ ಸಿ ಡ್ರೈವ್ ಎಂದು ಜೋಡಿಸಿ, ‘ಪ್ರಿನ್ಸ್’ ಎಂದು ಟೈಪ್ ಮಾಡಿದರೆ ಸಂಗೀತ ಶುರು. ಮೂಲ ಆವೃತ್ತಿಯಾದರೆ ಮೊದಲ ಲೆವೆಲ್ ಮುಗಿದೊಡನೆ ಒಂದು ಕೋಣೆ ತುಂಬ ಸೀಸೆಗಳು, ಪ್ರತಿಯೊಂದಕ್ಕೂ ಒಂದು ಅಕ್ಷರ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ನಕಲು ತಡೆಯಲು ಮಾಡಿದ ಉಪಾಯ. ಕೈಪಿಡಿ ಎಂಬ ವಸ್ತುವನ್ನೇ ನೋಡದೆ ಬೆಳೆದ ನಮ್ಮ ಪಾಲಿಗೆ ಅದು ಲಾಟರಿ.

ಇನ್ನೊಂದು ದಾರಿಯ ಹೆಸರು ಎಸ್‌ಡಿಎಲ್‌ಪಾಪ್. ನಾನು ಹೇಳುವುದು ಇದನ್ನೇ. ಡಾಸ್ ಆವೃತ್ತಿಯ ಯಂತ್ರಭಾಷೆಯನ್ನು ಸಾಲುಸಾಲಾಗಿ ಬಿಚ್ಚಿ ನೋಡಿ, ಅದೇ ನಡವಳಿಕೆ ಬರುವ ಹಾಗೆ ಸಿ ಭಾಷೆಯಲ್ಲಿ ಮತ್ತೆ ಬರೆದದ್ದು. ಮುಕ್ತ ತಂತ್ರಾಂಶ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಹಳೆಯ ಆಟದಲ್ಲಿದ್ದ ಹತ್ತಾರು ದೋಷಗಳನ್ನು ಸರಿಪಡಿಸಿಕೊಳ್ಳಲೂಬಹುದು, ಇದ್ದ ಹಾಗೆಯೇ ಬಿಡಲೂಬಹುದು. (ಆಟದ ಹಕ್ಕುಗಳು ಈಗಲೂ ಜೀವಂತ ಎಂಬುದು ನೆನಪಿರಲಿ. ಹಳೆಯದಾದ ಮಾತ್ರಕ್ಕೆ ಯಾವುದೂ ದಿಕ್ಕಿಲ್ಲದ ಆಸ್ತಿಯಾಗುವುದಿಲ್ಲ.)

ಎರಡು ವಿಷಯ ಮೊದಲೇ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ನನ್ನ ಹಾಗೆ ಮೊದಲ ರಾತ್ರಿ ಹಾಳಾಗುತ್ತದೆ. ಒಂದು, ಶಿಫ್ಟ್ ಕೀ. ಮೆಲ್ಲಗೆ ಹೆಜ್ಜೆಯಿಡಲು, ಗೋಡೆಯಂಚು ಹಿಡಿದು ನೇತಾಡಲು, ಸೀಸೆ ಎತ್ತಲು, ಕತ್ತಿ ಬೀಸಲು ಈ ಆಟದಲ್ಲಿ ಎಲ್ಲಕ್ಕೂ ಶಿಫ್ಟ್. ವಿಂಡೋಸಿನಲ್ಲಿ ಐದು ಸಲ ಬೆನ್ನುಬೆನ್ನಿಗೆ ಶಿಫ್ಟ್ ಒತ್ತಿದರೆ ಸ್ಟಿಕಿ ಕೀಸ್ (ಒತ್ತಿ ಬಿಟ್ಟ ಕೀ ಒತ್ತಿದಂತೆಯೇ ಉಳಿಯುವ ಸೌಲಭ್ಯ) ಬೇಕೇ ಎಂದು ಕೇಳುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಕಾವಲುಗಾರನ ಎದುರು ಜೀವನ್ಮರಣದ ಹೋರಾಟ ನಡೆಯುತ್ತಿರುವಾಗ ಆ ಪೆಟ್ಟಿಗೆ ಎದ್ದು ನಿಂತರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಕೀಬೋರ್ಡ್ ಎಂಬಲ್ಲಿ ಆ ಶಾರ್ಟ್‌ಕಟ್ಟನ್ನು ಮುಚ್ಚಿಬಿಡಿ.

ಎರಡು, ಪರದೆಯ ಅನುಪಾತ. ಆಟದ ಚಿತ್ರ 320 ಗುಣಿಸು 200. ಈಗಿನ ಕೆಲವು ಲ್ಯಾಪ್‌ಟಾಪ್‌ಗಳ ಪರದೆ 1920 ಗುಣಿಸು 1200. ಲೆಕ್ಕ ಸರಿಯಾಗಿ ಕೂಡುತ್ತದೆ, ಅಂಚಿನಿಂದ ಅಂಚಿಗೆ ಪರದೆ ತುಂಬುತ್ತದೆ. ನೋಡಿದರೆ ರಾಜಕುಮಾರ ಮದುವೆಮನೆಯ ಊಟ ಮುಗಿಸಿ ಬಂದವನಂತೆ ಕುಳ್ಳಗೆ, ದಪ್ಪಗೆ. ಏಕೆಂದರೆ ಅಂದಿನ ಮಾನಿಟರ್ 4:3 ಆಕಾರದ್ದು. ಆ 200 ಸಾಲುಗಳನ್ನು ಅದು ಎತ್ತರಕ್ಕೆ ಎಳೆದು ತೋರಿಸುತ್ತಿತ್ತು. ಡಾಸ್‌ಬಾಕ್ಸಿನ ಸೆಟ್ಟಿಂಗ್ ಕಡತದಲ್ಲಿ ‘ಆಸ್ಪೆಕ್ಟ್’ ಎಂಬ ಸಾಲನ್ನು ‘ಟ್ರೂ’ ಮಾಡಿ. ಎಸ್‌ಡಿಎಲ್‌ಪಾಪ್‌ನಲ್ಲೂ ಅದಕ್ಕೊಂದು ಆಯ್ಕೆಯಿದೆ. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ರಾಜಕುಮಾರನ ಮೈಕಟ್ಟು ಮರಳಿ ಬರುತ್ತದೆ.

ಆ ಮೈಕಟ್ಟಿನಲ್ಲೇ ಈ ಆಟದ ಪ್ರಾಣವಿದೆ. ಇದನ್ನು ಮಾಡಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೋ ತೆಗೆದರು. ಆಮೇಲೆ ಒಂದೊಂದು ಚೌಕಟ್ಟನ್ನೂ ಗೆರೆಗೆರೆಯಾಗಿ ಆ್ಯಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಯ ಭಂಗಿಗಳು 1938ರ ರಾಬಿನ್ ಹುಡ್ ಚಿತ್ರದ ಒಂದು ದೃಶ್ಯದಿಂದ ಬಂದವು. ಸಂಗೀತ ತಂದೆಯದು. ಒಟ್ಟಿನಲ್ಲಿ ಮನೆಮಂದಿಯ ಕೆಲಸ. ಆ್ಯಪಲ್ 2 ಆವೃತ್ತಿ 1989ರಲ್ಲಿ ಹೊರಬಂತು. ನಾವು ಆಡಿದ ಡಾಸ್ ಆವೃತ್ತಿ ಮರುವರ್ಷದ್ದು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮೊದಲ ಅರ್ಧ ಗಂಟೆ ನಿಮಗೆ ಇದು ಸಹಿಸಲಾಗದ ಆಟ ಎನ್ನಿಸುತ್ತದೆ. ಕೀ ಒತ್ತಿದ ಕೂಡಲೇ ರಾಜಕುಮಾರ ಹಾರುವುದಿಲ್ಲ. ಓಡುತ್ತಿದ್ದವನನ್ನು ನಿಲ್ಲಿಸಿದರೆ ಎರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ, ಅಷ್ಟರಲ್ಲಿ ಮುಂದೆ ಮುಳ್ಳಿನ ಗುಂಡಿ. ನಾನೂ ಮೊದಲು ಲ್ಯಾಪ್‌ಟಾಪನ್ನು ಬೈದೆ, ಆಮೇಲೆ ಡಾಸ್‌ಬಾಕ್ಸನ್ನು ಬೈದೆ, ಹೊಸ ಕೀಬೋರ್ಡ್ ತರಿಸಿದೆ. ತಪ್ಪು ಯಾವುದರದೂ ಅಲ್ಲ. ಆಟ ನಡೆಯುವುದೇ ಸೆಕೆಂಡಿಗೆ 12 ಚಿತ್ರಗಳ ಲಯದಲ್ಲಿ. ಕತ್ತಿ ಹಿರಿದಾಗ ಅದು ಇನ್ನೂ ನಿಧಾನವಾಗಿ 10ಕ್ಕೆ ಇಳಿಯುತ್ತದೆ. ಪರದೆ ಸೆಕೆಂಡಿಗೆ 60 ಸಲ (60 ಹರ್ಟ್ಸ್) ಚಿತ್ರ ಬದಲಿಸಲಿ, 144 ಸಲ ಬದಲಿಸಲಿ, ರಾಜಕುಮಾರನಿಗೆ ಲೆಕ್ಕಕ್ಕಿಲ್ಲ. ಶುರುವಾದ ಚಲನೆ ಮುಗಿಯುವ ತನಕ ಮುಂದಿನ ಕೀಗೆ ಕಿವಿಗೊಡುವುದಿಲ್ಲ, ನಿಜವಾದ ಹುಡುಗನೊಬ್ಬ ನೆಗೆದ ಮೇಲೆ ಗಾಳಿಯಲ್ಲಿ ಮನಸ್ಸು ಬದಲಿಸಲಾಗದ ಹಾಗೆ.

ಆದ್ದರಿಂದ ಬೆರಳಿನ ಚುರುಕು ಇಲ್ಲಿ ಕೆಲಸಕ್ಕೆ ಬಾರದು. ಎಣಿಕೆ ಬೇಕು. ಗುಂಡಿಯ ಅಂಚಿಗೆ ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಡಿ. ಅಂಚಿನಲ್ಲಿ ಅವನು ತಾನಾಗಿ ನಿಲ್ಲುತ್ತಾನೆ. ಅಲ್ಲಿಂದ ಹಿಂದೆ ತಿರುಗಿ, ಓಡಲು ಬೇಕಾದ ಜಾಗವನ್ನು ನೆಲದ ಚಪ್ಪಡಿಗಳಲ್ಲಿ ಎಣಿಸಿ, ಮತ್ತೆ ಮುಂದಕ್ಕೆ ಓಡಿ ಹಾರಿ. ಕಾವಲುಗಾರನ ಎದುರು ಸುಮ್ಮನೆ ಚುಚ್ಚುತ್ತಾ ಹೋದರೆ ಸೋಲುತ್ತೀರಿ. ಅವನ ಪೆಟ್ಟು ಬರುವಾಗ ಮೇಲಿನ ಬಾಣದ ಕೀಯಿಂದ ತಡೆದು, ಆ ಕ್ಷಣವೇ ತಿರುಗೇಟು ಕೊಡಬೇಕು. ನಾಲ್ಕನೆಯ ರಾತ್ರಿ ಇದು ನನ್ನ ಕೈಗೆ ಕೂತಿತು. ಅಲ್ಲಿಂದ ಮುಂದೆ ಈಚಿನ ಯಾವ ಆಟದಲ್ಲೂ ಸಿಗದ ಒಂದು ಭಾರ, ಬಿದ್ದರೆ ನನ್ನ ಮೂಳೆಯೇ ಮುರಿದೀತು ಎಂಬ ಭಯ, ಇದರಲ್ಲಿ ಸಿಕ್ಕಿತು.

ಭಯವನ್ನು ಕಳೆಯುವ ಸೌಲಭ್ಯವೂ ಈಗ ಇದೆ ಎಂಬುದೇ ತೊಂದರೆ. ಎಸ್‌ಡಿಎಲ್‌ಪಾಪ್‌ನಲ್ಲಿ ಎಫ್6 ಒತ್ತಿದರೆ ಇದ್ದ ಸ್ಥಿತಿಯಲ್ಲೇ ಆಟ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಗೇ ಮರಳುತ್ತದೆ. ನಾನು ಮೊದಲ ಸುತ್ತು ಹಾಗೆಯೇ ಆಡಿದೆ: ಪ್ರತಿ ಗುಂಡಿಗೆ ಮುಂಚೆ ಎಫ್6. ಮುಗಿಸಿದ್ದೇನೋ ನಿಜ, ಆದರೆ ಊಟದ ಬದಲು ಊಟದ ಪಟ್ಟಿ ಓದಿದಂತಾಯಿತು. ಈ ಆಟದ ಕಥೆಯೇ ಒಂದು ಗಂಟೆಯ ಕಥೆ. ನನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎಂದು ಮಂತ್ರಿ ಜಾಫರ್ ರಾಜಕುಮಾರಿಗೆ ಕೊಟ್ಟ ಗಡುವು 60 ನಿಮಿಷ, ನಿಮಗೆ ಕೊಟ್ಟದ್ದೂ ನಿಜವಾದ ಅದೇ 60 ನಿಮಿಷ. ಸತ್ತರೆ ಲೆವೆಲಿನ ಮೊದಲಿಗೆ ಹೋಗುತ್ತೀರಿ, ಕಳೆದ ಸಮಯ ಮಾತ್ರ ಮರಳುವುದಿಲ್ಲ. ಮೆಗಾಹಿಟ್ ಇಲ್ಲದೆಯೇ ಮೊದಲ ಕೆಲವು ಲೆವೆಲ್‌ಗಳನ್ನು ಶಿಫ್ಟ್ ಮತ್ತು ಎಲ್ ಒತ್ತಿ ದಾಟಲು ಆಟವೇ ಬಿಡುತ್ತದೆ. ಬದಲಿಗೆ ಗಡಿಯಾರವನ್ನು 15 ನಿಮಿಷಕ್ಕೆ ಇಳಿಸುತ್ತದೆ. ಮಾಡಿದವರ ಬುದ್ಧಿ ಎಂಥದೆಂದು ಇದರಲ್ಲೇ ಕಾಣುತ್ತದೆ. ಎರಡನೆಯ ಸುತ್ತಿನಲ್ಲಿ ನಾನು ಎಫ್6 ಮುಟ್ಟಲಿಲ್ಲ. ಆರು ಸಲ ಸಮಯ ಮುಗಿದು ಸೋತೆ. ಏಳನೆಯ ಸಲ ಜಾಫರ್ ಬಿದ್ದಾಗ ಎರಡು ನಿಮಿಷ ಉಳಿದಿತ್ತು. ನೀವೂ ಹೀಗೆ ಆಡಿ. ಒಂದು ಕಷ್ಟದ ಹಾರುವಿಕೆ ಕಲಿಯಲು ಮಾತ್ರ ಎಫ್6 ಇರಲಿ.

ನಾಲ್ಕನೆಯ ಲೆವೆಲಿನಲ್ಲಿ ಬಾಗಿಲು ತೆರೆದು ಹಿಂದಿರುಗುವಾಗ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ನಿಂತಿರುತ್ತದೆ. ಅದಕ್ಕೆ ಓಡಿ ಹಾರಿದರೆ ನಿಮ್ಮದೇ ನೆರಳು ಆಚೆ ಕಡೆಯಿಂದ ಹೊರಬಿದ್ದು ಓಡಿಹೋಗುತ್ತದೆ. ನಿಮ್ಮಲ್ಲಿ ಒಂದೇ ಪ್ರಾಣಬಿಂದು ಉಳಿಯುತ್ತದೆ. ಮುಂದೆ ಆ ನೆರಳು ನಿಮ್ಮ ಮದ್ದು ಕುಡಿಯುತ್ತದೆ, ನಿಮ್ಮ ಮುಖದ ಮೇಲೆ ಗೇಟು ಮುಚ್ಚುತ್ತದೆ. ಇಷ್ಟು ಒಳ್ಳೆಯ ಪಾತ್ರ ಹುಟ್ಟಿದ್ದು ಬಡತನದಿಂದ. ಆ್ಯಪಲ್ 2ರ ಮೆಮೊರಿ ಭರ್ತಿಯಾಗಿತ್ತು, ಹೊಸ ಶತ್ರುವಿನ ಚಿತ್ರಗಳಿಗೆ ಜಾಗವೇ ಇರಲಿಲ್ಲ. ರಾಜಕುಮಾರನ ಚಿತ್ರವನ್ನೇ ತುಸು ಸರಿಸಿ, ಅದರ ಮೇಲೆ ಅದನ್ನೇ ಎಕ್ಸ್‌ಓಆರ್ (XOR) ಲೆಕ್ಕದಿಂದ, ಅಂದರೆ ಒಂದೇ ಆದ ಬಿಂದುಗಳು ಅಳಿದು ಬೇರೆಯಾದವು ಮಾತ್ರ ಉಳಿಯುವ ಹಾಗೆ, ಕೂಡಿಸಿದಾಗ ಮಿಣುಗುವ ಒಂದು ಛಾಯೆ ಸಿಕ್ಕಿತು. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ. ಹನ್ನೆರಡನೆಯ ಲೆವೆಲಿನಲ್ಲಿ ಅದು ಕತ್ತಿ ಹಿಡಿದು ಎದುರು ನಿಂತಾಗ ನೀವು ಹೊಡೆದ ಪೆಟ್ಟು ನಿಮಗೇ ತಗಲುತ್ತದೆ. ಏನು ಮಾಡಬೇಕೆಂದು ಹೇಳುವುದಿಲ್ಲ. ಕೆಳಗಿನ ಬಾಣದ ಕೀ ಯಾಕಿದೆ ಎಂದು ಯೋಚಿಸಿ.

ಈ ಆ್ಯಪಲ್ 2 ಪ್ರೋಗ್ರಾಮಿನ ಮೂಲ ಬರಹವನ್ನು (ಸೋರ್ಸ್ ಕೋಡ್) ಮೆಕ್ನರ್ ಕಳೆದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಮನೆಯ ಪೆಟ್ಟಿಗೆಯೊಂದರಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು. ತಿಳಿದವರು ಕೂತು ಓದಿ ಹೊರತೆಗೆದರು, ಮೆಕ್ನರ್ ಅದನ್ನು ಎಲ್ಲರಿಗೂ ತೆರೆದಿಟ್ಟರು. ನನ್ನ ಶಿವಮೊಗ್ಗದ ನೋಟ್‌ಬುಕ್ಕು ಮಾತ್ರ ರದ್ದಿಗೆ ಹೋಗಿದೆ.

ನೀವೂ ಕಪ್ಪುಬಿಳುಪು ಮಾನಿಟರಿನ ಪೈಕಿಯಾದರೆ ಇನ್ನೊಂದು ಚಪಲ ಹೇಳುತ್ತೇನೆ. ವಿಂಡೋಸಿನ ಅದೇ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಕಲರ್ ಫಿಲ್ಟರ್ಸ್ ಎಂಬಲ್ಲಿ ಗ್ರೇಸ್ಕೇಲ್ ಆಯ್ದುಕೊಂಡರೆ ಪರದೆಯೆಲ್ಲ ಬೂದು. ಒಂದು ರಾತ್ರಿ ಹಾಗೆ ಆಡಿ ನೋಡಿದೆ. ಯಾವುದು ವಿಷ ಎಂಬುದನ್ನು ತಲೆ ಮರೆತಿತ್ತು, ಆದರೂ ಒಂದೆರಡು ಸೀಸೆಗಳ ಮುಂದೆ ಬೆರಳು ತಾನಾಗಿ ಶಿಫ್ಟ್‌ನಿಂದ ಹಿಂದೆ ಸರಿಯಿತು. ಒಂದು ಸಲ ಮೋಸಹೋದೆ.

ಕೊನೆಯದಾಗಿ ಎಂಟನೆಯ ಲೆವೆಲ್. ಬಾಗಿಲು ತೆರೆಯುವ ಚಪ್ಪಡಿ ತುಳಿದ ಮೇಲೆ ಹಿಂದೆ ಗೇಟು ಮುಚ್ಚಿರುತ್ತದೆ, ನೀವು ಆಚೆ ಸಿಕ್ಕಿಬಿದ್ದಿರುತ್ತೀರಿ, ಎಲ್ಲಿ ಹುಡುಕಿದರೂ ದಾರಿಯಿಲ್ಲ. ಏನೋ ತಪ್ಪು ಮಾಡಿದೆ ಎಂದುಕೊಂಡು ಲೆವೆಲನ್ನು ಮತ್ತೆ ಶುರುಮಾಡಬೇಡಿ. ಗಡಿಯಾರ ಓಡುತ್ತಿದ್ದರೂ ಕೈಕಟ್ಟಿ ಕೆಲವು ಸೆಕೆಂಡು ನಿಲ್ಲಿ. ಬಿಳಿ ಇಲಿಯೊಂದು ಬರುತ್ತದೆ.