ಇಂಗಾಲ ಕಡಿತದಲ್ಲಿ ಶೇ. 55ರ ಗುರಿ ಶೇ. 50ಕ್ಕಿಂತ ದೊಡ್ಡದೇ?

2030ಕ್ಕೆ ಹೊರಸೂಸುವಿಕೆಯನ್ನು ಐರೋಪ್ಯ ಒಕ್ಕೂಟ ಶೇ. 55 ಇಳಿಸುತ್ತೇನೆ ಅಂದಿದೆ, ಅಮೆರಿಕ 2021ರಲ್ಲಿ ಶೇ. 50–52 ಅಂದಿತ್ತು, ಜಪಾನ್ ಶೇ. 46. ಇವುಗಳಲ್ಲಿ ಯಾವುದು ದೊಡ್ಡದು ಅಂತ ಕೇಳಿದ್ದೀರಿ. ಬರೀ ಶೇಕಡಾ ನೋಡಿ ಅದನ್ನು ಹೇಳಲಾಗದು. ಎಲ್ಲಿಂದ ಇಳಿಕೆ ಅನ್ನುವುದನ್ನು ಮೊದಲು ನೋಡಿ: ಒಕ್ಕೂಟದ ಆಧಾರ ವರ್ಷ 1990, ಅಮೆರಿಕದ್ದು 2005, ಜಪಾನಿನದು 2013. ತಮಗೆ ಅನುಕೂಲವಾದ ವರ್ಷವನ್ನೇ ಹಿಡಿದುಕೊಳ್ಳುವುದು ಮಾಮೂಲು. ರಷ್ಯಾ 1990ಕ್ಕೆ ಹೋಲಿಸಿ ಶೇ. 30 ಇಳಿಸುತ್ತೇನೆ ಅಂದಿತು. ಸೋವಿಯತ್ ಒಕ್ಕೂಟ ಕುಸಿದು ಕಾರ್ಖಾನೆಗಳು ಮುಚ್ಚಿದಾಗಲೇ ಅದಕ್ಕಿಂತ ಹೆಚ್ಚು ಇಳಿದಾಗಿತ್ತು.

ಆದ್ದರಿಂದ ಈಗ ನಿಂತಿರುವ ಜಾಗದಿಂದ ವರ್ಷಕ್ಕೆಷ್ಟು ಇಳಿಯಬೇಕು ಅಂತ ಲೆಕ್ಕ ಹಾಕಿ. ಐರೋಪ್ಯ ಒಕ್ಕೂಟದ 1990ರ ಮಟ್ಟ 100 ಅನ್ನಿ. 2023ಕ್ಕೆ ಅದು ಸುಮಾರು 63. ಅಂದರೆ 33 ವರ್ಷ ವರ್ಷಕ್ಕೆ ಸರಾಸರಿ ಶೇ. 1.4ರಂತೆ ಇಳಿದಿದೆ. ಉಳಿದ 7 ವರ್ಷದಲ್ಲಿ 45ಕ್ಕೆ ಬರಬೇಕಾದರೆ ವರ್ಷಕ್ಕೆ ಶೇ. 4.7 ಬೇಕು, ಮೂರು ಪಟ್ಟಿಗೂ ಹೆಚ್ಚಿನ ವೇಗ. ಕಲ್ಲಿದ್ದಲು ಸ್ಥಾವರ ಮುಚ್ಚುವಂಥ ಸುಲಭದ ಕೆಲಸ ಸಾಕಷ್ಟು ಮುಗಿದ ಮೇಲೆ ಈ ವೇಗ, ಕಷ್ಟ ಇರುವುದೇ ಅಲ್ಲಿ.

ಭಾರತದ ಗುರಿಯನ್ನು ಈ ಸಾಲಿಗೆ ಸೇರಿಸಬೇಡಿ. 2005ಕ್ಕೆ ಹೋಲಿಸಿ ಶೇ. 45 ಕಡಿತ ಅಂದಿರುವುದು ಜಿಡಿಪಿಯ ಪ್ರತಿ ರೂಪಾಯಿಗೆ ಬರುವ ಹೊರಸೂಸುವಿಕೆಯಲ್ಲಿ. ಆರ್ಥಿಕತೆ ಮೂರು ಪಟ್ಟಾದರೆ 3 × 0.55 = 1.65, ಗುರಿ ಮುಟ್ಟಿಯೂ ಒಟ್ಟು ಹೊಗೆ ಶೇ. 65 ಏರಿರುತ್ತದೆ. ತಲಾ ಹೊರಸೂಸುವಿಕೆ ಕಡಿಮೆ ಇರುವ ದೇಶಕ್ಕೆ ಇದು ತಪ್ಪೇನಲ್ಲ, ಆದರೆ ಅಳತೆಗೋಲೇ ಬೇರೆ.

‘ಇಂಥ ವರ್ಷಕ್ಕೆ ನಿವ್ವಳ ಶೂನ್ಯ’, ಅಂದರೆ ಬಿಟ್ಟಷ್ಟನ್ನೇ ಹೀರಿಕೊಂಡು ಲೆಕ್ಕ ಸೊನ್ನೆ ಮಾಡುತ್ತೇವೆ, ಅನ್ನುವುದರಲ್ಲೂ ಒಂದು ಹುಳುಕಿದೆ. ತಾಪಮಾನ ಏರುವುದು ಒಟ್ಟಾರೆ ಸೇರಿದ ಇಂಗಾಲದಿಂದ, ಕೊನೆಯ ವರ್ಷದ ಅಂಕಿಯಿಂದಲ್ಲ. ವರ್ಷಕ್ಕೆ 100 ಟನ್ ಬಿಡುವ ದೇಶ 25 ವರ್ಷದಲ್ಲಿ ಒಂದೇ ಸಮನೆ ಇಳಿದು ಸೊನ್ನೆಗೆ ಬಂದರೆ ಒಟ್ಟು 1,250 ಟನ್. ಮೊದಲ 10 ವರ್ಷ ಸುಮ್ಮನಿದ್ದು ಉಳಿದ 15ರಲ್ಲಿ ಇಳಿದರೆ 1,000 + 750 = 1,750. ಗುರಿಯ ವರ್ಷ ಅದೇ, ಹೊಗೆ ಶೇ. 40 ಜಾಸ್ತಿ. ಹಾಗಾಗಿ ನಡುವಿನ ಗುರಿಗಳಿಲ್ಲದ ನಿವ್ವಳ ಶೂನ್ಯಕ್ಕೆ ನಾನಂತೂ ಹೆಚ್ಚು ಬೆಲೆ ಕೊಡಲ್ಲ.

ಕಾಡಿನ ಲೆಕ್ಕವನ್ನೂ ನೋಡಿ. ಕಾಡು ಹೀರಿದ್ದನ್ನು ಆಧಾರ ವರ್ಷದಲ್ಲಿ ಕಳೆಯದೆ ಗುರಿಯ ವರ್ಷದಲ್ಲಿ ಮಾತ್ರ ಕಳೆದರೆ, ಒಂದು ಚಿಮಣಿಯೂ ಆರದೆ ಕಡಿತದ ಶೇಕಡಾ ಏರುತ್ತದೆ.